ಪ್ರತಿ ಮಾತೂ ಸತ್ಯ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಮಾಸ್ಟ್ರ ಅಂಗಡಿಗೆ ಅಳತೆ ಕೊಡಲು ಯಾರೂ ಹೋಗುತ್ತಿರಲಿಲ್ಲ. ಹೋದವರ ಪ್ಯಾಂಟು ಒಂದಿಂಚು ಗಿಡ್ಡವಾಗುತ್ತದೆ ಎಂಬ ಮಾತು ಆ ಬೀದಿಯಲ್ಲಿತ್ತು. ತಮಾಷೆಗೆ ಹುಟ್ಟಿದ ಮಾತು, ಆದರೆ ಪೂರ್ತಿ ಸುಳ್ಳೂ ಅಲ್ಲ. ಊರಿನ ಪತ್ರಿಕೆಯಲ್ಲಿ ‘ಬೀದಿ ಮಾತು’ ಎಂಬ ರಾಜಕೀಯ ಅಂಕಣ ಬರುತ್ತಿದ್ದುದು ಗುರುವಾರ. ಅದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಮಾಸ್ಟ್ರ ಕೈ ಅವರ ಮಾತು ಕೇಳುತ್ತಿರಲಿಲ್ಲ.

ಮಾಸ್ಟ್ರು ದರ್ಜಿ. ವಯಸ್ಸು ಅರವತ್ತಮೂರು. ಮುಖ್ಯಬೀದಿಯಲ್ಲಿ ಮೂವತ್ತೆಂಟು ವರ್ಷದಿಂದ ಅದೇ ಅಂಗಡಿ, ಅಂಗಡಿಯ ಮೇಲೆ ಮನೆ. ಯಾವುದನ್ನೂ ಸುಮ್ಮಸುಮ್ಮನೆ ಬದಲಾಯಿಸಬಾರದು ಎಂಬುದು ಅವರ ನಂಬಿಕೆ. ‘ಹಳೇ ಕೋಟು ಬಿಚ್ಚೋಕೆ ಮುಂಚೆ, ಹೊಲಿದವನು ಯಾಕೆ ಹಾಗೆ ಹೊಲಿದ ಅಂತ ನೋಡ್ಬೇಕು’ ಎನ್ನುತ್ತಿದ್ದರು. ಮತ ಹಾಕಲು ಶುರುಮಾಡಿದಂದಿನಿಂದ ಹಳೆಯ ಪಕ್ಷಕ್ಕೇ ಹಾಕಿದ್ದರು. ಆ ಪಕ್ಷದವರು ದೊಡ್ಡ ಸಾಚಾಗಳು ಎಂಬ ಭ್ರಮೆಯೇನೂ ಅವರಿಗಿರಲಿಲ್ಲ. ‘ಇವರ ತಪ್ಪು ನಮಗೆ ಗೊತ್ತಿರೋ ತಪ್ಪು. ಅವರ ತಪ್ಪು ಇನ್ನೂ ಹುಟ್ಟಬೇಕು’ ಎಂಬುದು ಅವರ ಲೆಕ್ಕ.

‘ಬೀದಿ ಮಾತಿ’ನ ಅಂಕಣಕಾರರಿಗೆ ಹೊಸದೆಲ್ಲವೂ ಇಷ್ಟ, ಹೊಸ ಪಕ್ಷವೂ. ಮಾಸ್ಟ್ರು ಪತ್ರಿಕೆಯನ್ನು ಕತ್ತರಿಸುವ ಮೇಜಿನ ಮೇಲೆ ಬಟ್ಟೆಯಂತೆ ಹಾಸಿ, ಸಾಲಿನ ಕೆಳಗೆ ಮರದ ಸ್ಕೇಲಿಟ್ಟು ನಿಂತೇ ಓದುತ್ತಿದ್ದರು. ಮೊದಲ ಸಾಲಿಗೆ ‘ಹೂಂ’, ನಾಲ್ಕನೆಯದಕ್ಕೆ ‘ಓಹೋ’, ಅಂಕಣ ಮುಗಿಯುವಷ್ಟರಲ್ಲಿ ಕನ್ನಡಕ ಮೇಜಿನ ಮೇಲೆ, ಎರಡೂ ಕೈ ಸೊಂಟದ ಮೇಲೆ.

ಹಿಂದಿನ ಕೋಣೆಯಲ್ಲಿ ಕಾಜ ಹೊಲಿಯುತ್ತಿದ್ದ ಹೆಂಡತಿ ಅಲ್ಲಿಂದಲೇ ಕೇಳುತ್ತಿದ್ದರು. “ರೀ, ಓದ್ತಿದ್ದೀರೋ, ಜಗಳ ಆಡ್ತಿದ್ದೀರೋ?”

“ಓದ್ತಿದ್ದೀನಿ ಕಣೇ. ಜಗಳ ಶುರು ಮಾಡಿದ್ದು ಅವರು.”

“ಅಷ್ಟು ಮೈ ಉರಿಯೋದಾದ್ರೆ ಓದ್ಬೇಡಿ.”

“ಓದದೇ ಬೈಯೋಕೆ ನಾನೇನು ಅವರ ಪಕ್ಷದವನಾ?”

ಆಮೇಲೆ ಅವರು ಕಾಗದ ಬರೆಯುತ್ತಿದ್ದರು. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿ, ಲಕೋಟೆಗೆ ಹಾಕಿ, ಪತ್ರಿಕೆಯ ಕಚೇರಿಗೆ ತಾವೇ ಹೋಗಿ ಡಬ್ಬಿಗೆ ಹಾಕಿ ಬರುತ್ತಿದ್ದರು. ಓದುಗರ ಪುಟದಲ್ಲಿ ಹತ್ತರಲ್ಲಿ ನಾಲ್ಕಾದರೂ ಅಚ್ಚಾಗುತ್ತಿದ್ದವು. ವರ್ತಕರ ಸಂಘದಲ್ಲಿ ಅದರಿಂದ ಅವರಿಗೆ ಒಳ್ಳೆಯ ಹೆಸರಿತ್ತು.

ಮನೆಯಲ್ಲಿ ಮಾತ್ರ ಆ ಅಂಕಣದಿಂದ ಒಂದು ನಷ್ಟವಾಗಿತ್ತು. ಒಬ್ಬಳೇ ಮಗಳು, ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು, ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಎಂಟು ತಿಂಗಳ ಹಿಂದೆ ಬಂದಿದ್ದಾಗ ಊಟದ ನಡುವೆ ‘ಬೀದಿ ಮಾತಿ’ನಲ್ಲಿ ಬಂದ ಯಾವುದೋ ವಿಷಯವನ್ನು ಮೆಚ್ಚಿ ಮಾತಾಡಿದಳು. ಮಾತಿಗೆ ಮಾತು ಬೆಳೆಯಿತು. ‘ಆ ಮನುಷ್ಯನ ಮಾತು ಈ ಮನೇಲಿ ಬೇಡ’ ಎಂದರು ಮಾಸ್ಟ್ರು. ‘ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ’ ಎಂದು ಅವಳು ಅರ್ಧ ಊಟದಲ್ಲಿ ಎದ್ದು, ಸಂಜೆಯ ಬಸ್ಸಿಗೇ ಹೊರಟುಹೋದಳು. ಆಮೇಲೆ ಫೋನು ಮಾಡಿದರೆ ಅಮ್ಮನಿಗೆ. ಅಪ್ಪನ ಕೈಗೆ ಬಂದರೆ ‘ಊಟ ಆಯ್ತಾ’, ‘ಆಯ್ತು’, ಅಷ್ಟೇ. ಮಾಸ್ಟ್ರು ಅದರ ಬಗ್ಗೆ ಬಾಯಿ ಬಿಡಲಿಲ್ಲ. ಆದರೆ ಅವಳು ಬಿಟ್ಟುಹೋದ ಸ್ವೆಟರಿನ ಗುಂಡಿಯೊಂದು ಸಡಿಲವಾಗಿದ್ದುದನ್ನು ಕಂಡು, ಎಲ್ಲ ಗುಂಡಿಗಳನ್ನೂ ಬಿಚ್ಚಿ ಮತ್ತೆ ಹೊಲಿದಿಟ್ಟಿದ್ದರು.

ಹೀಗಿರುವಾಗ ಮುಖ್ಯಬೀದಿಗೆ ವಾಹನಗಳನ್ನೇ ಬಿಡಬಾರದು, ಅದನ್ನು ನಡೆಯುವವರ ಬೀದಿ ಮಾಡಬೇಕು ಎಂಬ ಪ್ರಸ್ತಾಪ ನಗರಸಭೆಯ ಮುಂದೆ ಬಂತು. ವರ್ತಕರ ಸಂಘ ವಿರೋಧಿಸಿತು. ‘ಬೀದಿ ಮಾತು’ ಹಾಡಿ ಹೊಗಳಿತು. ಆ ಗುರುವಾರ ಮಾಸ್ಟ್ರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕೂತು ಕಾಗದ ಬರೆದರು. ಅಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ ಎಂದು ಅವರಿಗೇ ಅನಿಸಿತು.

ಶನಿವಾರ ಅದು ಅಚ್ಚಾಯಿತು. ಓದುಗರ ಪುಟದ ತುದಿಯಲ್ಲಿ, ದಪ್ಪ ಅಕ್ಷರದ ತಲೆಬರಹ: ‘ವರ್ತಕರಿಂದಲೇ ಮೆಚ್ಚುಗೆ’. ಮಾಸ್ಟ್ರು ಬೇರೆ ಯಾರದೋ ಕಾಗದ ಇರಬೇಕು ಎಂದುಕೊಂಡು ಮುಂದೆ ಹೋದರು. ಕೆಳಗೆ ತಮ್ಮ ಹೆಸರು ಕಂಡು ಹಿಂದಕ್ಕೆ ಬಂದರು. ಹೆಂಡತಿಯನ್ನು ಕರೆದು ಓದಿಸಿದರು.

ಹೆಂಡತಿ ನಿಧಾನವಾಗಿ ಓದಿದರು. “ವಾಹನ ಬಿಡದಿದ್ದರೆ ಗಾಳಿ ಶುದ್ಧವಾಗುತ್ತದೆ, ಮಕ್ಕಳು ಹೆದರದೆ ಓಡಾಡುತ್ತಾರೆ, ಅಂಗಡಿಗಳ ವ್ಯಾಪಾರ ಇಮ್ಮಡಿಯಾಗುತ್ತದೆ ಎಂದು ಅಂಕಣಕಾರರು ಬರೆದಿದ್ದಾರೆ. ಮೂವತ್ತೆಂಟು ವರ್ಷ ಇದೇ ಬೀದಿಯಲ್ಲಿ ಅಂಗಡಿ ಇಟ್ಟವನು ನಾನು. ಅವರ ಪ್ರತಿ ಮಾತೂ ಸತ್ಯ.”

“ಆಮೇಲೆ?” ಎಂದರು ಮಾಸ್ಟ್ರು.

“ಆಮೇಲೆ ನಿಮ್ಮ ಹೆಸರು.”

ಅವರು ಬರೆದದ್ದು, ‘ಅವರ ಪ್ರತಿ ಮಾತೂ ಸತ್ಯ ಎಂದು ನಂಬಬೇಕಾದರೆ ಒಂದೋ ಕಾಲು ಗಟ್ಟಿ ಇರಬೇಕು, ಇಲ್ಲವೇ ತಲೆ ಮೆತ್ತಗಿರಬೇಕು’ ಎಂದು. ಅದರ ಕೆಳಗೆ ಇನ್ನೂ ಹದಿನಾಲ್ಕು ಸಾಲು, ನಡೆಯಲಾರದ ಮುದುಕರು ಬಟ್ಟೆ ಹೊಲಿಸಲು ಹೇಗೆ ಬರಬೇಕು, ಬಟ್ಟೆಯ ಥಾನುಗಳನ್ನು ಯಾರು ಹೊತ್ತು ತರಬೇಕು ಎಂದು. ಅದೆಲ್ಲ ಮಾಯ.

ಅಂಗಡಿ ತೆರೆದ ಹದಿನೈದು ನಿಮಿಷಕ್ಕೆ ವರ್ತಕರ ಸಂಘದ ಅಧ್ಯಕ್ಷರು ಬಂದರು. ಎದುರಿನ ಕಬ್ಬಿಣದಂಗಡಿ ಅವರದು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

“ಮಾಸ್ಟ್ರೇ, ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.”

“ಸ್ವಾಮಿ, ನಾನು ಬರೆದಿದ್ದೇ ಬೇರೆ. ಅವರು ಕತ್ತರಿ ಹಾಕಿದ್ದಾರೆ.”

“ಹೆಸರು ನಿಮ್ದೇ ಇದೆಯಲ್ಲ. ಮಂಗಳವಾರ ನಗರಸಭೆಗೆ ಹೋಗೋರ ಪಟ್ಟೀಲಿ ನಿಮ್ಮನ್ನ ಬಿಟ್ಟಿದ್ದೀವಿ. ಬೇಜಾರು ಮಾಡ್ಕೋಬೇಡಿ.”

ಮಾಸ್ಟ್ರು ಹೆಗಲ ಮೇಲಿನ ಟೇಪು ತೆಗೆದು ಮೊಳೆಗೆ ನೇತುಹಾಕಿದರು. ಚಪ್ಪಲಿ ಹಾಕಿಕೊಂಡರು. ಪತ್ರಿಕೆಯ ಕಚೇರಿಗೆ ಹೋಗಿ ಒಂದಿಬ್ಬರ ನೀರಿಳಿಸಿಯೇ ಬರುವುದೆಂದು ಹೊರಟಾಗ ಫೋನು ಬಂತು. ಮಗಳು.

“ಅಪ್ಪ, ನಿಮ್ಮ ಕಾಗದ ಓದಿದೆ.”

ಎಂಟು ತಿಂಗಳ ಮೇಲೆ ಅವಳು ತಾನಾಗಿ ಅಪ್ಪನಿಗೇ ಫೋನು ಮಾಡಿದ್ದಳು.

“ನಾನು ಬರ್ತಾ ಇದ್ದೀನಿ. ನಾಲ್ಕು ದಿನ ರಜ ಹಾಕಿದ್ದೀನಿ. ಬಸ್ ಹತ್ತಿ ಆಯ್ತು. ನೀವು ಅಂಗಡೀಲೇ ಇರಿ, ಎಲ್ಲೂ ಹೋಗ್ಬೇಡಿ, ಆಯ್ತಾ?”

“ಆಯ್ತಮ್ಮ” ಎಂದರು. ಚಪ್ಪಲಿ ಬಿಚ್ಚಿ ಬಂದು ಕೂತರು.

ವಿಷಯ ತಿಳಿದ ಹೆಂಡತಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ನೋಡಿ, ಅವಳು ಬರ್ತಿದ್ದಾಳೆ. ಹೇಗೋ ಬರ್ತಿದ್ದಾಳೆ. ಆ ಪತ್ರಿಕೆಯೋರು ಕತ್ತರಿಸಿದ್ದೇ ಒಳ್ಳೇದಾಯ್ತು ಅನ್ಕೊಳ್ಳಿ. ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕೊಂಡಿರಿ.”

“ಸುಳ್ಳು ಹೇಳು ಅಂತೀಯಾ?”

“ಸುಮ್ನಿರಿ ಅಂತೀನಿ. ಸುಮ್ನಿರೋದು ಸುಳ್ಳಲ್ಲ.”

ಮಧ್ಯಾಹ್ನಕ್ಕೆ ಮಗಳು ಬಂದಳು. ಚೀಲ ಕೆಳಗಿಟ್ಟವಳೇ ಅಪ್ಪನ ಎರಡೂ ಕೈ ಹಿಡಿದು ಮುಖವನ್ನೇ ನೋಡುತ್ತ ನಿಂತಳು. ಮಕ್ಕಳಿಗೆ ಎಷ್ಟೇ ಕೋಪ ಬಂದರೂ ಕರುಳು ಬಿಡುವುದಿಲ್ಲ ಎಂದುಕೊಂಡರು ಮಾಸ್ಟ್ರು.

ಊಟಕ್ಕೆ ಕೂತಾಗ ಅವಳು ಕೇಳಿದಳು. “ಅಪ್ಪ, ಇವತ್ತು ಯಾವ ವಾರ?”

“ಶನಿವಾರ. ಯಾಕೆ, ರಜ ಹಾಕಿದ ಮೇಲೆ ವಾರ ಮರ್ತೋಯ್ತಾ?”

“ಬೆಳಿಗ್ಗೆ ಏನು ತಿಂದ್ರಿ?”

“ನಿಮ್ಮಮ್ಮ ಕೊಟ್ಟಿದ್ದು” ಎಂದರು. ಅವಳು ನಗಲಿಲ್ಲ. ಏನು ಎಂದು ಬಿಡಿಸಿ ಹೇಳುವವರೆಗೆ ಬಿಡಲೂ ಇಲ್ಲ.

ಸಂಜೆ ಅಂಗಡಿಯಲ್ಲಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ನೋಡೋಣ ಎಂದಳು. ಆಸ್ಪತ್ರೆಯಲ್ಲಿ ನಾವೆಲ್ಲ ಆಡುವ ಆಟ ಎಂದಳು. ಮಾಸ್ಟ್ರು ಮಿಶನ್ ತುಳಿಯುತ್ತಲೇ ತೊಂಬತ್ತಮೂರು, ಎಂಬತ್ತಾರು ಎಂದು ಎರಡರವರೆಗೆ ಇಳಿದು, “ಇನ್ನು ಸಾಲ ತರ್ಬೇಕು” ಎಂದರು. ಒಂದು ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದಳು. ಗುರುತು ಹಾಕುವ ಸೀಮೆಸುಣ್ಣದಿಂದ, ಕತ್ತರಿಸಿ ಉಳಿದ ತುಂಡುಬಟ್ಟೆಯ ಮೇಲೆ ಒಂದೇ ಎಳೆತದಲ್ಲಿ ದುಂಡಗೆ ಬರೆದು ಮುಳ್ಳಿಟ್ಟು ಕೊಟ್ಟರು. ಮಗಳು ಚಿಕ್ಕವಳಿದ್ದಾಗ ಹೀಗೇ ಪಕ್ಕದಲ್ಲಿ ಕೂತು ತಲೆ ತಿನ್ನುತ್ತಿದ್ದಳು. ಆ ದಿನಗಳೇ ಮರಳಿ ಬಂದವೆಂದು ಅವರಿಗೆ ಖುಷಿಯೋ ಖುಷಿ.

ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು. ಅವಳು ಬೀದಿಯ ವಿಷಯ ಎತ್ತಿದಾಗಲೆಲ್ಲ ಅವರು ನಾಲಿಗೆ ಕಚ್ಚಿಕೊಳ್ಳಬೇಕಿತ್ತು.

“ವಾಹನ ನಿಲ್ಲಿಸಿದ್ರೆ ಒಳ್ಳೇದೇ ಅಲ್ವಾ ಅಪ್ಪ?”

“ಹೂಂ. ಅದೂ ಸರಿ.”

“ಹೊಸ ಪಕ್ಷದೋರು ಹೇಳೋದ್ರಲ್ಲಿ ಅರ್ಥ ಇದೆ ಅಲ್ವಾ?”

ಮಾಸ್ಟ್ರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಕಣ್ಣಲ್ಲೇ ಗದರಿದರು. “ಇರಬಹುದಮ್ಮ” ಎಂದರು ಮಾಸ್ಟ್ರು.

ವಿಚಿತ್ರವೆಂದರೆ ಅವರು ಹೂಂಗುಟ್ಟಿದಷ್ಟೂ ಮಗಳ ಮುಖ ಸಣ್ಣದಾಗುತ್ತಿತ್ತು. ಭಾನುವಾರವಿಡೀ ಅವರು ಮೂರು ಸಲ ಒಪ್ಪಿದರು. ಅವಳು ಸಂಜೆ ತಾರಸಿಗೆ ಹೋಗಿ ಒಬ್ಬಳೇ ಕೂತಿದ್ದಳು. ಇನ್ನೂ ಸಾಲದೇನೋ, ಇನ್ನೂ ಜೋರಾಗಿ ಒಪ್ಪಬೇಕೇನೋ ಎಂದು ಮಾಸ್ಟ್ರಿಗೆ ಅನಿಸಿತು. ಆದರೆ ಅಷ್ಟು ಅವರ ಕೈಲಾಗದು.

ಸೋಮವಾರ ಬೆಳಿಗ್ಗೆ, ಗುಂಡಿ ತರುತ್ತೇನೆಂದು ಹೇಳಿ ಅವರು ಪತ್ರಿಕೆಯ ಕಚೇರಿಗೆ ಹೋದರು. ಓದುಗರ ಪುಟ ನೋಡಿಕೊಳ್ಳುವ ಉಪಸಂಪಾದಕಿಯ ಮೇಜು ಮೆಟ್ಟಿಲ ಪಕ್ಕದ ಮೂಲೆಯಲ್ಲಿತ್ತು. ಮೇಜಿನ ತುಂಬ ಲಕೋಟೆಗಳು, ಆರಿದ ಚಹಾ, ಒಂದು ಸಣ್ಣ ಫ್ಯಾನು, ಅದು ಹಾರಿಸದಂತೆ ಕಾಗದಗಳ ಮೇಲಿಟ್ಟ ಒಂದು ಬೀಗ. ಹೆಸರು ಕೇಳಿದ ಕೂಡಲೇ ಆಕೆ ಎದ್ದು ನಿಂತರು.

“ಓ, ನೀವೇನಾ ಸರ್. ಬನ್ನಿ, ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲಮ್ಮ. ನನ್ನ ಕಾಗದದ ಮುಕ್ಕಾಲು ಪಾಲು ಎಲ್ಲಿ ಹೋಯ್ತು ಅಂತ ಕೇಳೋಕೆ ಬಂದೆ.”

ಆಕೆ ಕಡತ ತೆಗೆದು ಮೂಲ ಕಾಗದವನ್ನು ಓದಿದರು. ಓದುತ್ತ ಓದುತ್ತ ಕೈ ಹಣೆಗೆ ಹೋಯಿತು. ಶುಕ್ರವಾರ ಆಕೆಗೆ ರಜೆ. ಕೊನೆಯ ಗಳಿಗೆಯಲ್ಲಿ ಜಾಹೀರಾತೊಂದು ಬಂದು ಜಾಗ ಸಾಲದೆ, ಪುಟ ಕಟ್ಟುವವರು ವಾಕ್ಯ ಮುಗಿಯಿತೇ ಎಂದೂ ನೋಡದೆ ಕೆಳಗಿನಿಂದ ಕತ್ತರಿಸಿದ್ದರು. ಉಳಿದದ್ದನ್ನು ಓದಿ ಬೇರೊಬ್ಬರು ತಲೆಬರಹ ಕೊಟ್ಟಿದ್ದರು.

“ತಪ್ಪಾಗಿದೆ ಸರ್. ಜಾಗ ಸಾಲ್ಲಿಲ್ಲ ಅಂತ…”

“ಬಟ್ಟೆ ಸಾಲದಿದ್ರೆ ನಾನು ಗಿರಾಕಿಗೆ ಹೇಳ್ತೀನಮ್ಮ. ಒಂದು ತೋಳು ಬಿಟ್ಟು ಹೊಲಿದು, ‘ಹಾಕ್ಕೊಂಡು ಹೋಗಿ’ ಅನ್ನಲ್ಲ.”

ಆಕೆ ಕಡತವನ್ನು ಮೇಜಿನ ಮೇಲಿಟ್ಟರು. “ನಂಗೂ ಅನುಮಾನ ಬಂತು. ನಮ್ಮ ಅಂಕಣಕಾರರೂ ಬಂದು ಕೇಳಿದ್ರು, ‘ಆ ದರ್ಜಿ ಮಾಸ್ಟ್ರು ಆರೋಗ್ಯವಾಗಿದ್ದಾರಾ, ವಿಚಾರ್ಸಿ’ ಅಂತ.”

“ನನ್ನ ಆರೋಗ್ಯಕ್ಕೇನಾಗಿದೆ? ಅವರು ಬರೆಯೋದು ನಿಲ್ಲಿಸಿದ್ರೆ ಇನ್ನೂ ಚೆನ್ನಾಗಿರುತ್ತೆ.”

“ನಾಳೆಯ ಪತ್ರಿಕೇಲೇ ತಿದ್ದುಪಡಿ ಹಾಕ್ತೀನಿ ಸರ್. ಪೂರ್ತಿ ಕಾಗದದ ಜೊತೆಗೆ.”

ಅದನ್ನೇ ಕೇಳಲು ಬಂದವರು ಮಾಸ್ಟ್ರು. ಆದರೆ ‘ನಾಳೆ’ ಎಂದ ಕೂಡಲೇ ಅವರ ಕೋಪ ಎಲ್ಲಿ ಹೋಯಿತೋ. ನಾಳೆ ಮಗಳು ಇನ್ನೂ ಮನೆಯಲ್ಲಿರುತ್ತಾಳೆ. ಬೆಳಿಗ್ಗೆ ಪತ್ರಿಕೆ ಮೊದಲು ತೆಗೆಯುವವಳು ಅವಳೇ.

“ಗುರುವಾರ ಹಾಕಿದ್ರೆ ಆಗಲ್ವಾ?” ಎಂದರು.

“ಯಾಕೆ ಸರ್? ನಾಳೇನೇ ನಗರಸಭೆ ಸಭೆ ಇದೆ.”

ಅವರು ಅಲ್ಲಿದ್ದ ಕುರ್ಚಿಯಲ್ಲಿ ಕೂತರು. ಆಕೆ ಒಂದು ಲೋಟ ನೀರು ಮುಂದಿಟ್ಟರು. ಮಾಸ್ಟ್ರು ಕುಡಿದರು. ಸುಮ್ಮನಿರುವುದು ಸುಳ್ಳಲ್ಲ ಎಂದು ಹೆಂಡತಿ ಹೇಳಿದ್ದು ನಿಜವಿರಬಹುದು. ಆದರೆ ಇದನ್ನು ತಡೆಹಿಡಿಸುವುದು ಸುಳ್ಳೇ. ಬೇರೆಯವರ ಕತ್ತರಿಯನ್ನು ಬೈದು, ತಾವೇ ಅದನ್ನು ಕೈಗೆತ್ತಿಕೊಂಡಂತೆ.

“ಬೇಡ. ನಾಳೇನೇ ಹಾಕಿ” ಎಂದು ಎದ್ದರು. “ಆ ಮೂಲ ಕಾಗದದ ಒಂದು ಜೆರಾಕ್ಸ್ ಕೊಡ್ತೀರಾ?”

ಮನೆಯ ಮೆಟ್ಟಿಲು ಹತ್ತುವಾಗ ಮಗಳ ದನಿ ಕೇಳಿಸಿತು. ಫೋನಿನಲ್ಲಿದ್ದಳು. “ಹೌದು ಡಾಕ್ಟ್ರೇ, ಅರವತ್ತಮೂರು. ಇಲ್ಲ, ಲೆಕ್ಕ, ನೆನಪು ಎಲ್ಲ ಚೆನ್ನಾಗೇ ಇದೆ. ಆದ್ರೆ ಸ್ವಭಾವಾನೇ ಬದಲಾಗಿದೆ. ನಾಳೆ ಹತ್ತೂವರೆಗೆ ಕರ್ಕೊಂಡು ಬರ್ತೀನಿ.”

ಬಾಗಿಲಲ್ಲಿ ಅಪ್ಪನನ್ನು ಕಂಡು ಅವಳು ಫೋನು ಇಟ್ಟಳು.

“ಯಾರನ್ನ ಕರ್ಕೊಂಡು ಹೋಗ್ತೀಯಾ?” ಎಂದರು ಮಾಸ್ಟ್ರು.

“ಕೂತ್ಕೊಳ್ಳಿ ಅಪ್ಪ. ಒಂದು ಮಾತು ಹೇಳ್ಬೇಕು.”

“ನಾನು ಮೊದ್ಲು ಹೇಳ್ತೀನಿ. ಆಮೇಲೆ ಬೇಕಾದ್ರೆ ಚೀಲ ತಗೊಂಡು ಹೊರಡು.”

ಜೇಬಿನಿಂದ ಕಾಗದ ತೆಗೆದು ಅವಳ ಮುಂದಿಟ್ಟರು. ಅವಳು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಅಡುಗೆಮನೆಯಿಂದ ಬಂದ ಹೆಂಡತಿ ಸೌಟು ಹಿಡಿದೇ ಬಾಗಿಲಲ್ಲಿ ನಿಂತರು.

“ಹಾಗಾದ್ರೆ ನೀವು ಒಪ್ಪಿಲ್ಲ” ಎಂದಳು ಮಗಳು.

“ಇಲ್ಲ.”

“ಒಂದು ಮಾತೂ?”

“ಒಂದಕ್ಷರಾನೂ.”

“ಮತ್ತೆ ಮೊನ್ನೆಯಿಂದ ನಾನು ಹೇಳಿದ್ದಕ್ಕೆಲ್ಲ ಹೂಂ, ಹೂಂ ಅಂದ್ರಲ್ಲ?”

“ಒಪ್ಪಲ್ಲ ಅಂದ್ರೆ ಎದ್ದು ಹೋಗ್ತೀಯ ಅಂತ.” ಮಾಸ್ಟ್ರು ತಲೆ ತಗ್ಗಿಸಿದರು. “ಎಂಟು ತಿಂಗಳಾಗಿತ್ತು.”

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾಳೆ ಎಂದುಕೊಂಡು ಮಾಸ್ಟ್ರು ಕೈ ಚಾಚಿದರು. ಅವಳು ಕೈ ತೆಗೆದಾಗ ಕಣ್ಣಲ್ಲಿ ನೀರಿತ್ತು ನಿಜ, ಆದರೆ ನಗುತ್ತಿದ್ದಳು. ನಗು ತಡೆಯಲಾಗದೆ ಮಾತು ತುಂಡುತುಂಡಾಗಿ ಬಂತು.

“ತಾತನಿಗೆ ಹೇಗೆ ಶುರುವಾಯ್ತು ನೆನಪಿದೆಯಾ ಅಪ್ಪ? ನಾನು ಆಗ ಶಾಲೇಲಿದ್ದೆ. ಯಾರ ಮಾತೂ ಕೇಳದ ತಾತ, ಒಂದಿನ ಇದ್ದಕ್ಕಿದ್ದ ಹಾಗೆ ಎಲ್ರಿಗೂ ‘ನೀನು ಹೇಳಿದ್ದೇ ಸರಿ’ ಅನ್ನೋಕೆ ಶುರು ಮಾಡಿದ್ರು. ನಮಗೆಲ್ಲ ಖುಷಿಯಾಯ್ತು. ಆರು ತಿಂಗಳಿಗೆ ನಮ್ಮ ಗುರುತೇ ಸಿಗ್ಲಿಲ್ಲ ಅವರಿಗೆ.”

ಮಾಸ್ಟ್ರಿಗೆ ನೆನಪಾಯಿತು. ತಮ್ಮ ಅಪ್ಪ ಕೊನೆಯ ವರ್ಷ ಅಂಗಡಿಯ ಮಿಶನ್ನಿನ ಮುಂದೆ ಕೂತು, ದಾರವಿಲ್ಲದ ಸೂಜಿಯಲ್ಲಿ ಹೊಲಿಯುತ್ತಿದ್ದರು.

“ಶನಿವಾರ ಆಸ್ಪತ್ರೇಲಿ ಪತ್ರಿಕೆ ನೋಡಿದೆ” ಎಂದಳು ಮಗಳು. “‘ಬೀದಿ ಮಾತಿ’ಗೆ ಅಪ್ಪ ಹೊಗಳಿ ಬರೆದಿದ್ದಾರೆ ಅಂದ್ರೆ ಏನೋ ಆಗಿದೆ ಅಂತ ಓಡಿ ಬಂದೆ. ಬಂದು ನೋಡಿದ್ರೆ, ಏನು ಹೇಳಿದ್ರೂ ‘ಅದೂ ಸರಿ’ ಅಂತೀರ. ರಾತ್ರಿ ನಿದ್ದೆ ಬಂದಿಲ್ಲ ನಂಗೆ.”

“ಆ ಗಡಿಯಾರ, ಆ ಏಳೇಳು ಕಳೆಯೋದು…”

“ಪರೀಕ್ಷೆ.”

“ಪಾಸಾದ್ನಾ?”

“ಪೂರ್ತಿ ಅಂಕ. ಅದಕ್ಕೇ ಇನ್ನೂ ಭಯ ಆಯ್ತು.”

ಮಾಸ್ಟ್ರು ಕೂತಲ್ಲೇ ಹಿಂದಕ್ಕೆ ಒರಗಿದರು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಪತ್ರಿಕೆಯ ಕಚೇರಿಯಲ್ಲಿ ಕೇಳಿದ ಮಾತು ಈಗ ಅರ್ಥವಾಯಿತು. “ಅಯ್ಯೋ, ಆ ಅಂಕಣದೋನಿಗೂ ಇದೇ ಅನುಮಾನ ಬಂದಿತ್ತು ಕಣೇ” ಎಂದು ಹೆಂಡತಿಗೆ ಹೇಳಿ, ತಾವೂ ನಗತೊಡಗಿದರು.

ಹೆಂಡತಿಗೆ ಮಾತ್ರ ನಗು ಬರಲಿಲ್ಲ. “ಅಪ್ಪನಿಗೆ ಬುದ್ಧಿ ಕೆಟ್ಟಿದೆ ಅಂತ ಅನುಮಾನ ಬಂದ್ರೆ ನನ್ನನ್ನ ಒಂದು ಮಾತು ಕೇಳೋದಲ್ವೇನೇ? ಮೂವತ್ತೈದು ವರ್ಷದಿಂದ ಜೊತೇಲಿದ್ದೀನಿ, ನಂಗೊತ್ತಾಗಲ್ವಾ?”

“ನೀನು ಹೆದರ್ಕೋತೀಯ ಅಂತ ಕೇಳ್ಲಿಲ್ಲಮ್ಮ.”

“ಚೆನ್ನಾಗಿದೆ. ಅವರು ನಿನಗೆ ಹೆದರ್ಕೊಂಡು ಸುಮ್ನಿದ್ರು, ನೀನು ನಂಗೆ ಹೆದರ್ಕೊಂಡು ಸುಮ್ನಿದ್ದೆ. ಅಡುಗೆ ತಣ್ಣಗಾಗ್ತಿದೆ, ಇಬ್ರೂ ಏಳಿ.”

ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಲೇ ಹೇಳಿದಳು. “ಅವತ್ತು ನಾನು ಗೋಡೆ ಅಂದಿದ್ದು ತಪ್ಪು ಅಪ್ಪ.”

“ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ” ಎಂದರು ಮಾಸ್ಟ್ರು. “ನಾನೂ ಅವತ್ತು ಈ ಮನೇಲಿ ಮಾತಾಡ್ಬೇಡ ಅನ್ನಬಾರ್ದಿತ್ತು. ಮಾತಾಡು. ನಾನು ಒಪ್ಪಲ್ಲ. ಆದ್ರೂ ಮಾತಾಡು.”

“ಸರಿ. ವಾಹನ ನಿಲ್ಲಿಸ್ಬೇಕು ಅಂತೀನಿ ನಾನು.”

“ಕೈಲಾಗದ ಮುದುಕರು ಬಟ್ಟೆ ಹೊಲಿಸ್ಬಾರ್ದಾ ಹಾಗಾದ್ರೆ?”

“ಬೀದಿ ತುದೀಲಿ ಇಳಿಸಿ, ಕುರ್ಚಿಗಾಡೀಲಿ ತರಬಹುದು. ಆಸ್ಪತ್ರೇಲಿ ನಾವು ದಿನಾ ಮಾಡ್ತೀವಿ.”

“ಆಸ್ಪತ್ರೆ ನೆಲ ನುಣ್ಣಗಿರುತ್ತೆ ತಾಯಿ. ಈ ಬೀದಿಯ ಕಲ್ಲು ನೋಡಿದ್ದೀಯಾ?”

ತಿಂದ ಕೈ ಒಣಗುವವರೆಗೆ ಇಬ್ಬರೂ ವಾದ ಮಾಡಿದರು. ಯಾರೂ ಎದ್ದು ಹೋಗಲಿಲ್ಲ. ಮಧ್ಯೆ ಒಮ್ಮೆ ಮಗಳು ಡಾಕ್ಟರಿಗೆ ಫೋನು ಮಾಡಿ, ನಾಳೆ ಬರುವುದಿಲ್ಲ, ನಮ್ಮ ಅಪ್ಪ ಮೊದಲಿನ ಹಾಗೇ ಇದ್ದಾರೆ ಎಂದು ತಿಳಿಸಿದಳು.

ಮಂಗಳವಾರ ತಿದ್ದುಪಡಿ ಬಂತು, ಪೂರ್ತಿ ಕಾಗದದ ಸಮೇತ. ಕಬ್ಬಿಣದಂಗಡಿಯವರು ಎಂಟು ಗಂಟೆಗೇ ಬಂದು, ಈ ಸಲ ಒಳಗೆ ಕೂತು, ಚಹಾ ಕುಡಿದು, ಮಾಸ್ಟ್ರನ್ನು ತಾವೇ ನಗರಸಭೆಗೆ ಕರೆದುಕೊಂಡು ಹೋದರು. ಮಗಳೂ ಹೋದಳು, ಆದರೆ ಎದುರು ಬದಿಯ ಬೆಂಚಿನಲ್ಲಿ ಕೂತಳು. ಮೂರು ತಿಂಗಳು ಎಳೆದಾಡಿದ ಮೇಲೆ ನಗರಸಭೆ, ಭಾನುವಾರ ಮಾತ್ರ ವಾಹನ ಬೇಡ ಎಂದು ತೀರ್ಮಾನಿಸಿತು. ಅಪ್ಪನಿಗೂ ಸಮಾಧಾನವಾಗಲಿಲ್ಲ, ಮಗಳಿಗೂ ಆಗಲಿಲ್ಲ.

ಅಂಥ ಮೊದಲ ಭಾನುವಾರ ಅವಳು ಊರಿಗೆ ಬಂದಿದ್ದಳು. ಸಂಜೆ ಇಬ್ಬರೂ ಸುತ್ತಾಡಲು ಹೊರಟರು. ಮಗಳು ಖಾಲಿ ಬೀದಿಯ ನಟ್ಟನಡುವೆ ಕೈಬೀಸಿ ನಡೆದಳು. ಮಾಸ್ಟ್ರು ಎಂದಿನಂತೆ ಅಂಗಡಿಗಳ ಮುಂದಿನ ಕಾಲುದಾರಿಯಲ್ಲೇ ನಡೆದರು.

“ಇಳಿದು ಬನ್ನಿ ಅಪ್ಪ, ಬೀದಿ ಪೂರ್ತಿ ಖಾಲಿ ಇದೆ.”

“ನಂಗೆ ಇಲ್ಲೇ ಸರಿ. ನಿನ್ನ ಮಾತು ಇಲ್ಲಿಗೂ ಕೇಳ್ಸುತ್ತೆ, ಹೇಳು.”

ಅವಳು ಹೇಳುತ್ತ ಹೋದಳು. ಅವರು ಒಂದಕ್ಕೂ ಹೂಂ ಎನ್ನದೆ, ಒಂದನ್ನೂ ಬಿಡದೆ ಕೇಳಿಸಿಕೊಂಡು ಜೊತೆಗೇ ನಡೆದರು.